ಝಡ್4ಗೆ ಹೊಸ ಟೈರ್: ರನ್‌ಫ್ಲಾಟ್ ಬಿಟ್ಟು ಪೈಲಟ್ ಸ್ಪೋರ್ಟ್ 4 ಹಾಕಿಸಿದ ಮೇಲೆ

ಕಾರು ಬಿಎಂಡಬ್ಲ್ಯೂ ಝಡ್4, ಇ89 ಮಾಡೆಲ್, 35ಐ, 2012ರದ್ದು. ನಾನು ಎರಡನೇ ಮಾಲೀಕ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆಗೆ ಒಂದು ಸುತ್ತು, ವರ್ಷಕ್ಕೆ ಮೂರು ನಾಲ್ಕು ಸಲ ಮಲೆನಾಡಿಗೆ, ಇಷ್ಟೇ ಅದರ ಓಡಾಟ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ದಾಟುವುದಿಲ್ಲ. ಮಿಕ್ಕ ದಿನ ಕವರ್ ಹೊದ್ದುಕೊಂಡು ಮನೆ ಕೆಳಗೆ ನಿಂತಿರುತ್ತದೆ. ಇಂಥ ಕಾರಿಗೆ ಟೈರ್ ಆರಿಸುವುದು ದಿನಾ ಆಫೀಸಿಗೆ ಹೋಗುವ ಕಾರಿಗೆ ಆರಿಸಿದಂತೆ ಅಲ್ಲ. ಇದು ನನಗೆ ಗೊತ್ತಾಗಿದ್ದು ಚಾರ್ಮಾಡಿ ಘಾಟಿಯಲ್ಲಿ.

2024ರ ಜುಲೈ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಉಜಿರೆ ಕಡೆಗೆ ಇಳಿಯುತ್ತಿದ್ದೆವು, ನಾನು ಮತ್ತು ನನ್ನ ಹೆಂಡತಿ. ಸಣ್ಣಗೆ ಮಳೆ, ಮಂಜು. ಎರಡನೇ ಗೇರ್, ಸ್ಪೀಡ್ ಹೆಚ್ಚೆಂದರೆ 40. ಒಂದು ಎಡ ತಿರುವಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟೆ, ಅಷ್ಟಕ್ಕೇ ಹಿಂಭಾಗ ಬಲಕ್ಕೆ ಜಾರಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿತು, ಸ್ಟೆಬಿಲಿಟಿ ಕಂಟ್ರೋಲ್ ಕಾರನ್ನು ಹಿಡಿದು ನೇರ ಮಾಡಿತು. ಅಷ್ಟರಲ್ಲಿ ಒಂದು ಅಡಿ ಆಚೆ ಲೇನಿಗೆ ಹೋಗಿದ್ದೆವು. ಎದುರಿಂದ ಬಸ್ಸಾಗಲಿ ಲಾರಿಯಾಗಲಿ ಬರಲಿಲ್ಲ. ಒಂದೆರಡು ನಿಮಿಷ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳು ಮೆಲ್ಲಗೆ, "ರೀ, ಊರಿಗೆ ಹೋದ ತಕ್ಷಣ ಟೈರ್ ನೋಡಿಸಿ" ಅಂದಳು.

ಟೈರ್ ಸವೆದಿರಲಿಲ್ಲ. ಅದೇ ನನ್ನನ್ನು ದಾರಿ ತಪ್ಪಿಸಿದ್ದು. ಮನೆಗೆ ಬಂದು ಅಳೆದು ನೋಡಿದರೆ ಹಿಂದಿನ ಎರಡರಲ್ಲೂ 5 ಮಿಲಿಮೀಟರ್ ಗ್ರೂವ್ ಇತ್ತು. ಬದಲಿಸಲೇಬೇಕು ಎಂದು ತೋರಿಸುವ ಗುರುತು ಇರುವುದು 1.6 ಮಿಲಿಮೀಟರ್‌ಗೆ. ಆದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಮೇಲೆ, ತಯಾರಾದ ತಾರೀಖು ಹೇಳುವ ಡಾಟ್ ಕೋಡ್ ಓದಿದೆ: ಕೊನೆಯ ನಾಲ್ಕು ಅಂಕಿ 2316. ಅಂದರೆ 2016ರ 23ನೇ ವಾರ. ಎಂಟು ವರ್ಷ ಹಳೆಯ ರಬ್ಬರ್. ಗ್ರೂವಿನ ತಳದಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು, ಟಾರ್ಚ್ ಬಿಟ್ಟು ನೋಡಿದರೆ ಮಾತ್ರ ಕಾಣುವಂಥವು. ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗಲಿಲ್ಲ. ಪಕ್ಕದಲ್ಲಿದ್ದ ನಮ್ಮ ಇನ್ನೊಂದು ಕಾರಿನ ಎರಡು ವರ್ಷದ ಟೈರ್ ಒತ್ತಿ ನೋಡಿದೆ, ಉಗುರು ಕಚ್ಚಿಕೊಂಡಿತು. ವ್ಯತ್ಯಾಸ ಬೆರಳಿಗೇ ತಿಳಿಯಿತು.

ರಬ್ಬರ್ ವಯಸ್ಸಾದಂತೆ ಗಟ್ಟಿಯಾಗುತ್ತದೆ. ಬಿಸಿಲು, ಶಾಖ, ಗಾಳಿಯ ಆಮ್ಲಜನಕ ಮತ್ತು ಓಝೋನ್, ಇವೆಲ್ಲ ಸೇರಿ ಅದರ ಮೆದುತನ ಕಸಿಯುತ್ತವೆ. ಮಳೆಯಲ್ಲಿ ಟೈರ್ ಹಿಡಿತ ಕೊಡುವುದು ಗ್ರೂವಿನಿಂದ ಮಾತ್ರ ಅಲ್ಲ. ಗ್ರೂವು ನೀರನ್ನು ಆಚೆ ತಳ್ಳುತ್ತದೆ, ನಿಜ. ಆದರೆ ಆಮೇಲೆ ರಬ್ಬರು ಡಾಂಬರಿನ ಸಣ್ಣ ಸಣ್ಣ ಉಬ್ಬು ತಗ್ಗುಗಳ ಒಳಗೆ ಇಳಿದು ಕಚ್ಚಬೇಕು. ಗಟ್ಟಿಯಾದ ರಬ್ಬರ್ ಇಳಿಯುವುದಿಲ್ಲ, ಮೇಲೆ ಮೇಲೆ ತೇಲುತ್ತದೆ. ಒಣ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಅಲ್ಲೇ ಅಪಾಯ ಇರುವುದು. ದಿನಾ ಓಡುವ ಕಾರಿನ ಟೈರ್ ವಯಸ್ಸಾಗುವ ಮೊದಲೇ ಸವೆದು ಹೋಗುತ್ತದೆ, ಹಾಗಾಗಿ ಈ ಪ್ರಶ್ನೆ ಏಳುವುದಿಲ್ಲ. ವಾರಕ್ಕೊಮ್ಮೆ ಓಡುವ ಕಾರಿನ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ. ಆರು ವರ್ಷ ಆಯಿತೆಂದರೆ ಬದಲಿಸಿ ಎಂದು ಬಿಎಂಡಬ್ಲ್ಯೂ ಕೈಪಿಡಿಯೇ ಹೇಳುತ್ತದೆ. ನಾನು ಕಾರು ಕೊಂಡಾಗ ಇಂಜಿನ್, ಗೇರ್‌ಬಾಕ್ಸ್, ರೂಫ್ ಎಲ್ಲ ಚೆಕ್ ಮಾಡಿಸಿದ್ದೆ. ಟೈರಿನ ತಾರೀಖು ನೋಡಿರಲಿಲ್ಲ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಳ್ಳುವವರು ದಯವಿಟ್ಟು ನೋಡಿ. "ಟೈರ್ ಹೊಸದಿದ್ದ ಹಾಗೇ ಇದೆ" ಎನ್ನುವ ಮಾತಿಗೆ ಅರ್ಥವಿಲ್ಲ.

ಈಗ ಸೈಜಿನ ವಿಷಯ. ನನ್ನ ಕಾರಿನಲ್ಲಿ ಮುಂದೆ 225/40 ಆರ್18, ಹಿಂದೆ 255/35 ಆರ್18. 225 ಎಂದರೆ ಮಿಲಿಮೀಟರಿನಲ್ಲಿ ಅಗಲ, 40 ಎಂದರೆ ಆ ಅಗಲದ ನೂರಕ್ಕೆ 40ರಷ್ಟು ಸೈಡ್‌ವಾಲ್ ಎತ್ತರ, 18 ರಿಮ್ಮಿನ ಇಂಚು. ಲೆಕ್ಕ ಹಾಕಿದರೆ ಮುಂದಿನ ಟೈರಿನ ಗೋಡೆ 90 ಮಿಲಿಮೀಟರ್, ಹಿಂದಿನದು 89. ಅಗಲ ಬೇರೆಯಾದರೂ ಉರುಳುವ ಸುತ್ತಳತೆ ಹೆಚ್ಚುಕಮ್ಮಿ ಒಂದೇ. ಎಬಿಎಸ್, ಸ್ಟೆಬಿಲಿಟಿ ಕಂಟ್ರೋಲ್ ಎಲ್ಲ ಚಕ್ರ ಎಷ್ಟು ವೇಗವಾಗಿ ಸುತ್ತುತ್ತಿದೆ ಎನ್ನುವ ಲೆಕ್ಕದ ಮೇಲೆ ನಡೆಯುವುದರಿಂದ ಈ ಹೊಂದಾಣಿಕೆ ಕೆಡಿಸಬಾರದು. ಒಬ್ಬ ಅಂಗಡಿಯವರು ಹಿಂದಕ್ಕೆ 255/40 "ಹಾಕಿ ಸರ್, ಗುಂಡಿಗೆ ಒಳ್ಳೇದು, ಏನೂ ಆಗಲ್ಲ" ಅಂದರು. ಏನೂ ಆಗಲ್ಲ ಅನ್ನುವುದು ಸುಳ್ಳು. ಹಿಂದಿನ ಚಕ್ರದ ಎತ್ತರ ಎರಡೂವರೆ ಸೆಂಟಿಮೀಟರ್ ಹೆಚ್ಚಾಗುತ್ತದೆ, ಮುಂದಿನದು ಹಾಗೇ ಇರುತ್ತದೆ. ನಾನು ಒಪ್ಪಲಿಲ್ಲ. ಇನ್ನೊಂದು ಮಾತು: ಮುಂದೆ ಹಿಂದೆ ಸೈಜ್ ಬೇರೆ ಇದ್ದರೆ ಟೈರ್ ರೊಟೇಶನ್ ಮಾಡುವ ಹಾಗಿಲ್ಲ, ಹಿಂದಿನವು ಬೇಗ ಸವೆದರೆ ಸವೆದ ಹಾಗೇ.

ದೊಡ್ಡ ಪ್ರಶ್ನೆ ಇದ್ದದ್ದು ರನ್‌ಫ್ಲಾಟ್ ಬೇಕಾ ಬೇಡವಾ ಎಂದು. ಇ89 ಫ್ಯಾಕ್ಟರಿಯಿಂದ ಬಂದಿದ್ದೇ ರನ್‌ಫ್ಲಾಟ್ ಜೊತೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ, ಇಡಲು ಜಾಗವೂ ಇಲ್ಲ. ರನ್‌ಫ್ಲಾಟ್ ಎಂದರೆ ಸೈಡ್‌ವಾಲ್ ಒಳಗೆ ದಪ್ಪ ಗಟ್ಟಿ ರಬ್ಬರ್ ಕೊಟ್ಟು, ಗಾಳಿ ಪೂರ್ತಿ ಹೋದರೂ ಆ ಗೋಡೆಯ ಮೇಲೇ ಕಾರು ನಿಲ್ಲುವಂತೆ ಮಾಡಿದ ಟೈರ್. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ 80 ಕಿಲೋಮೀಟರ್ ದೂರ ಹೋಗಬಹುದು. ರಾತ್ರಿ ಹತ್ತಕ್ಕೆ ಘಾಟಿಯಲ್ಲಿ ಪಂಕ್ಚರ್ ಆದರೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಗಟ್ಟಿ ಗೋಡೆಯನ್ನು ಪಂಕ್ಚರ್ ಆಗದ ದಿನವೂ ಹೊತ್ತು ತಿರುಗಬೇಕಲ್ಲ. ಟೈರ್ ಭಾರ. ಸಣ್ಣ ಗುಂಡಿಯ ಪೆಟ್ಟನ್ನು ಟೈರ್ ತಾನು ನುಂಗದೆ ನೇರ ರಿಮ್ಮಿಗೆ, ಅಲ್ಲಿಂದ ಸಸ್ಪೆನ್ಶನ್ನಿಗೆ, ಅಲ್ಲಿಂದ ನಮ್ಮ ಬೆನ್ನಿಗೆ ದಾಟಿಸುತ್ತದೆ. ತಿರುವಿನ ಮಧ್ಯೆ ರಸ್ತೆ ಒಡೆದಿದ್ದರೆ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಅಲ್ಲಿ ಹಿಡಿತ ತಪ್ಪುತ್ತದೆ. ಗಾಳಿಯಿಲ್ಲದೆ ಓಡಿಸಿದ ರನ್‌ಫ್ಲಾಟನ್ನು ಆಮೇಲೆ ರಿಪೇರಿ ಮಾಡಿ ಬಳಸುವುದೂ ಸಾಮಾನ್ಯವಾಗಿ ಸರಿಯಲ್ಲ, ಒಳಗೆ ಎಷ್ಟು ಹಾಳಾಗಿದೆ ಎಂದು ಹೊರಗಿಂದ ತಿಳಿಯುವುದಿಲ್ಲ. ಮೂರು ವಾರ ಯೋಚಿಸಿ ರನ್‌ಫ್ಲಾಟ್ ಬೇಡ ಎಂದು ತೀರ್ಮಾನಿಸಿದೆ. ಬದಲಿಸಿದರೆ ನಾಲ್ಕೂ ಬದಲಿಸಬೇಕು. ಎರಡು ರನ್‌ಫ್ಲಾಟ್, ಎರಡು ಸಾದಾ ಹಾಕುವ ಯೋಚನೆ ಮಾಡಲೇಬೇಡಿ.

ಆಯ್ಕೆ ಮಾಡುವಾಗ ಹೊರದೇಶದ ರಿವ್ಯೂಗಳು ಬಹಳ ಗೊಂದಲ ಮಾಡುತ್ತವೆ. ಅಲ್ಲಿ ಸಮ್ಮರ್ ಟೈರ್, ಆಲ್ ಸೀಸನ್, ವಿಂಟರ್ ಟೈರ್ ಎಂದು ಪುಟಗಟ್ಟಲೆ ಚರ್ಚೆ. ಸಮ್ಮರ್ ಟೈರಿನ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಬಿಗಿಯಾಗುತ್ತದೆ ಎನ್ನುವುದು ಅವರ ಚಿಂತೆ. ನಮಗೆ ಅದಿಲ್ಲ. ನಮಗೆ ಬೇಕಾದದ್ದು ಎರಡು: ಜೋರು ಮಳೆಯಲ್ಲಿ ಹಿಡಿತ, ಗುಂಡಿಗೆ ಬಿದ್ದರೆ ತಡೆಯುವ ಗೋಡೆ. ಒಣ ಟ್ರ್ಯಾಕಿನಲ್ಲಿ ಅರ್ಧ ಸೆಕೆಂಡ್ ಯಾರು ಮುಂದೆ ಎನ್ನುವ ಪಟ್ಟಿ ನೋಡಿ ಕೊಂಡರೆ ಆಗುಂಬೆಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ. ಟ್ರೆಡ್‌ವೇರ್ ನಂಬರ್ (ಕಡಿಮೆ ಇದ್ದಷ್ಟೂ ಬೇಗ ಸವೆಯುತ್ತದೆ ಎಂದರ್ಥ) 200 ಅಥವಾ ಅದಕ್ಕೂ ಕಡಿಮೆ ಇರುವ, ಗ್ರೂವ್ ಕಡಿಮೆಯ ಅರೆ ಸ್ಲಿಕ್ ಥರದ ಟೈರ್‌ಗಳು ಬಿಸಿಯಾದ ಮೇಲೆ ಅದ್ಭುತವಾಗಿ ಹಿಡಿಯುತ್ತವೆ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೆ, ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗುವವರಿಗೆ ಅದೇ ಸರಿ. ನಿಂತ ನೀರಿನಲ್ಲಿ ಅವು ಬೇಗ ತೇಲುತ್ತವೆ. ಕಂಫರ್ಟ್ ಟೂರಿಂಗ್ ಟೈರ್‌ಗಳನ್ನೂ ನೋಡಿದೆ: ಸದ್ದು ಕಡಿಮೆ, ಬಾಳಿಕೆ ಜಾಸ್ತಿ, ಬೆಲೆ ಕಡಿಮೆ. ಆದರೆ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡುವವನಿಗೆ ಬಾಳಿಕೆ ಯಾಕೆ? ಮೊದಲೇ ಹೇಳಿದೆನಲ್ಲ, ಸವೆಯುವ ಮುಂಚೆ ಅದರ ವಯಸ್ಸು ಮುಗಿಯುತ್ತದೆ. ಮೆದು ರಬ್ಬರ್ ತೆಗೆದುಕೊಳ್ಳಲು ಯಾರಿಗಾದರೂ ಅವಕಾಶ ಇದೆ ಎಂದರೆ ಅದು ವಾರಾಂತ್ಯದ ಕಾರಿನವರಿಗೆ.

ಹಾಗಾಗಿ ರಸ್ತೆಗೇ ಮಾಡಿದ ಪರ್ಫಾರ್ಮೆನ್ಸ್ ಟೈರ್‌ಗಳಿಗೆ ಪಟ್ಟಿ ಇಳಿಯಿತು. ಮಿಶೆಲಿನ್ ಪೈಲಟ್ ಸ್ಪೋರ್ಟ್ 4, ಕಾಂಟಿನೆಂಟಲ್‌ನ ಮ್ಯಾಕ್ಸ್‌ಕಾಂಟ್ಯಾಕ್ಟ್, ಬ್ರಿಜ್‌ಸ್ಟೋನ್ ಪೊಟೆಂಝಾ, ಯೊಕೊಹಾಮಾ ಅಡ್ವಾನ್, ಆಮೇಲೆ ಅಪೊಲೊದವರ ವ್ರೆಡೆಸ್ಟೀನ್ ಅಲ್ಟ್ರಾಕ್ ವೋರ್ಟಿ. ಈ ಕೊನೆಯದರ ಬಗ್ಗೆ ನನಗೆ ಒಲವಿತ್ತು. ನೆದರ್‌ಲ್ಯಾಂಡ್ಸ್‌ನ ಆ ಕಂಪನಿಯನ್ನು ಅಪೊಲೊ 2009ರಲ್ಲೇ ಕೊಂಡಿತ್ತು, 2021ರಲ್ಲಿ ಟೈರ್‌ಗಳನ್ನು ಇಲ್ಲಿಗೆ ತಂದಿತು. ಆದರೆ ಟೈರಿನ ಹೆಸರಿಗಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ: ಮುಂದಿನ ಸೈಜ್ ಹಿಂದಿನ ಸೈಜ್ ಎರಡೂ ಒಂದೇ ಮಾಡೆಲ್‌ನಲ್ಲಿ, ಒಂದೇ ಸಲಕ್ಕೆ, ಹೊಸ ತಾರೀಖಿನಲ್ಲಿ ಸಿಗುತ್ತದಾ? 225/40 ಆರ್18 ಎಲ್ಲ ಕಡೆ ಇದೆ. 255/35 ಆರ್18 ಕೇಳಿದರೆ ಅಂಗಡಿಯವರು ಫೋನ್ ಹಿಡಿದು ಆಚೆ ಹೋಗುತ್ತಾರೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ತರಿಸುವವರು ಲೈಸೆನ್ಸ್ ಪಡೆಯಬೇಕು. ನಮ್ಮಂಥ ಅಪರೂಪದ ಸೈಜಿನವರಿಗೆ ಕಾಯುವುದು ಅನಿವಾರ್ಯ.

ಮೊದಲು ಹೋದ ಅಂಗಡಿಯಲ್ಲಿ ನಾಲ್ಕೂ ಸಿದ್ಧ ಇವೆ ಎಂದರು. ಹೋಗಿ ನೋಡಿದರೆ ಹಿಂದಿನ ಜೋಡಿಯಲ್ಲಿ ಒಂದು ಮೂರು ತಿಂಗಳ ಹಿಂದಿನದು, ಇನ್ನೊಂದು ಮೂರು ವರ್ಷದ ಹಿಂದಿನದು. "ಗೋಡೌನಲ್ಲಿ ಇದ್ದದ್ದು ಸರ್, ಹೊಸದೇ ಲೆಕ್ಕ" ಅಂದರು. ನೆರಳಲ್ಲಿ ಸರಿಯಾಗಿ ಇಟ್ಟಿದ್ದರೆ ಅಷ್ಟು ಬೇಗ ಹಾಳಾಗುವುದಿಲ್ಲ, ಅದು ನಿಜವೇ. ಆದರೆ ಆರು ವರ್ಷಕ್ಕೆ ತೆಗೆಯುವ ಟೈರಿನಲ್ಲಿ ಮೂರು ವರ್ಷ ಅವರ ಗೋಡೌನಿನಲ್ಲೇ ಕಳೆದಿದೆ, ದುಡ್ಡು ಮಾತ್ರ ಪೂರ್ತಿ ನನ್ನದು. ವಾಪಸ್ ಬಂದೆ. ಇಲ್ಲಿ ಒಂದು ಸೂಕ್ಷ್ಮ ಗೊತ್ತಿರಲಿ: ತಾರೀಖಿನ ನಾಲ್ಕು ಅಂಕಿ ಟೈರಿನ ಎರಡೂ ಬದಿ ಇರಲೇಬೇಕೆಂದಿಲ್ಲ, ಒಂದೇ ಬದಿ ಇದ್ದರೆ ಸಾಕು. ಒಳಬದಿಗೆ ಅಂಕಿ ಬರುವಂತೆ ಕೂರಿಸಿಬಿಟ್ಟರೆ ಕಾರನ್ನು ಲಿಫ್ಟಿಗೆ ಏರಿಸದೆ ಓದಲಾಗುವುದಿಲ್ಲ. ರಿಮ್ಮಿಗೆ ಹಾಕುವ ಮುಂಚೆಯೇ ನೋಡಿ, ಫೋಟೋ ತೆಗೆದುಕೊಳ್ಳಿ.

ಕೊನೆಗೆ ಕೆಲಸ ಆಗಿದ್ದು ಜೆ.ಸಿ. ರಸ್ತೆಯ ಒಂದು ಹಳೇ ಅಂಗಡಿಯಲ್ಲಿ. ಹೊರಗಿಂದ ಏನೂ ಥಳುಕಿಲ್ಲ, ಕಾರು ನಿಲ್ಲಿಸಲು ಜಾಗ ಕಷ್ಟ. ಯಜಮಾನರು ಮಾತ್ರ ಕೆಲಸ ಬಲ್ಲವರು. ಸೈಜ್ ಹೇಳಿದ ಕೂಡಲೇ "ರನ್‌ಫ್ಲಾಟ್ ಬಿಡ್ತಾ ಇದ್ದೀರಾ ಸರ್? ಹಾಗಾದ್ರೆ ಕಂಪ್ರೆಸರ್ ಇಟ್ಕೊಳ್ಳಿ" ಅಂದರು, ಆಮೇಲೆ ಲೋಡ್ ನಂಬರ್ ನೋಡಿದರು. ಹಳೇ ಟೈರಿನಲ್ಲಿ ಮುಂದೆ 88, ಹಿಂದೆ 90 ಇತ್ತು. ಹೊಸದರಲ್ಲಿ 92 ಮತ್ತು 94. ಹೊರುವ ಶಕ್ತಿ ಹೆಚ್ಚೇ ಆಗಿದೆ, ಕಡಿಮೆ ಆಗಬಾರದು ಅಷ್ಟೇ. ಹದಿನೆಂಟು ದಿನ ಕಾಯಿಸಿದರು, ಆದರೆ ನಾಲ್ಕೂ ಪೈಲಟ್ ಸ್ಪೋರ್ಟ್ 4, ನಾಲ್ಕೂ ಆರು ತಿಂಗಳ ಒಳಗಿನವು. ಒಂದೊಂದನ್ನೇ ಉರುಳಿಸಿ ತಾವೇ ತಾರೀಖು ತೋರಿಸಿದರು. ಹುಡುಗ ರನ್‌ಫ್ಲಾಟ್ ಬಿಚ್ಚಿದ ರೀತಿ ನೋಡುವ ಹಾಗಿತ್ತು. ಆ ಗೋಡೆ ಬಗ್ಗುವುದಿಲ್ಲವಾದ್ದರಿಂದ ಅವಸರ ಮಾಡಿದರೆ ರಿಮ್ಮಿನ ಅಂಚು ಕೆರೆದು ಹೋಗುತ್ತದೆ. ಅವನು ಅಂಚಿಗೆ ಪ್ಲಾಸ್ಟಿಕ್ ಇಟ್ಟು, ಸೋಪಿನ ನೀರು ಸವರಿ, ಮಷಿನ್ನಿನ ಎರಡನೇ ತೋಳಿನಿಂದ ಒತ್ತಿ ಹಿಡಿದು ಬಿಚ್ಚಿದ. ಒಂದು ಗೀರೂ ಬೀಳಲಿಲ್ಲ. ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಒಳಬದಿಗೆ ಅಂಟಿಸುವ ತೂಕ. ಬೋಲ್ಟ್‌ಗಳನ್ನು ಗನ್ನಿನಿಂದ ಬಿಗಿಯದೆ ಟಾರ್ಕ್ ರೆಂಚ್ ತಂದು 120 ನ್ಯೂಟನ್ ಮೀಟರಿಗೆ ಬಿಗಿದ. ನಾನು ಕೇಳಿರಲೂ ಇಲ್ಲ. ಆಮೇಲೆ ಅಲೈನ್‌ಮೆಂಟ್, ಹಿಂದಿನ ಚಕ್ರದ ಟೋ, ಅಂದರೆ ಚಕ್ರ ಒಳಗೋ ಹೊರಗೋ ತಿರುಗಿರುವ ಕೋನ, ಸ್ವಲ್ಪ ತಪ್ಪಿತ್ತು, ಸರಿ ಮಾಡಿ ಪ್ರಿಂಟ್ ಕೊಟ್ಟರು. "ಇನ್ನೂರು ಮುನ್ನೂರು ಕಿಲೋಮೀಟರ್ ಮೆತ್ತಗೆ ಹೋಗಿ ಸರ್, ಮೇಲಿನ ಪದರ ಹೋಗ್ಬೇಕು" ಎಂದು ಹೇಳಿ ಕಳಿಸಿದರು. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರುವ ಪದರ ಅದು, ಹೊಸ ಟೈರ್ ಎಲ್ಲಕ್ಕೂ ಇರುತ್ತದೆ.

ಓಡಿಸಿದಾಗ ಏನಾಯಿತು? ಅಂಗಡಿಯಿಂದ ಮಿನರ್ವ ಸರ್ಕಲ್ ತಲುಪುವಷ್ಟರಲ್ಲಿ ಗೊತ್ತಾಯಿತು. ಅದೇ ರಸ್ತೆ, ಅದೇ ಒಡಕು, ಆದರೆ ಪೆಟ್ಟು ಬೆನ್ನಿಗೆ ಬರುತ್ತಿಲ್ಲ. ಡ್ಯಾಶ್‌ಬೋರ್ಡಿನ ಎಲ್ಲೋ ಒಳಗಿಂದ ಮೂರು ವರ್ಷದಿಂದ ಬರುತ್ತಿದ್ದ ಕಟಕಟ ಸದ್ದು ನಿಂತಿತು. ಸಸ್ಪೆನ್ಶನ್ ಹಳೆಯದಾಗಿದೆ, ಬದಲಿಸಬೇಕೇನೋ ಎಂದುಕೊಂಡಿದ್ದೆ, ತಪ್ಪು ಟೈರಿನದಾಗಿತ್ತು. ನೈಸ್ ರಸ್ತೆಯಲ್ಲಿ ಇನ್ನೊಂದು ಬದಲಾವಣೆ: ಮೊದಲು ಲಾರಿಗಳು ತುಳಿದು ಮಾಡಿದ ತಗ್ಗು ಸಿಕ್ಕರೆ ಸ್ಟೇರಿಂಗ್ ಆ ಕಡೆ ಎಳೆಯುತ್ತಿತ್ತು, ಎರಡು ಕೈಯಲ್ಲಿ ಹಿಡಿದಿರಬೇಕಿತ್ತು. ಈಗ ನೇರ ಹೋಗುತ್ತದೆ.

ನಂದಿ ಬೆಟ್ಟದ ತಿರುವುಗಳಲ್ಲಿ ಒಂದು ಸಣ್ಣ ಕಳೆಯುವಿಕೆ ಇದೆ, ಅದನ್ನೂ ಹೇಳಬೇಕು. ಸ್ಟೇರಿಂಗ್ ತಿರುಗಿಸಿದ ಮೊಟ್ಟಮೊದಲ ಕ್ಷಣದಲ್ಲಿ ರನ್‌ಫ್ಲಾಟ್ ಕೊಡುತ್ತಿದ್ದ ಚುರುಕು ಸ್ವಲ್ಪ ಕಡಿಮೆ. ಸಾದಾ ಗೋಡೆ ಎಷ್ಟೆಂದರೂ ಒಂದಿಷ್ಟು ಬಾಗಿ ಆಮೇಲೆ ಹಿಡಿಯುತ್ತದೆ, ಯಾವ ಬ್ರ್ಯಾಂಡ್ ಆದರೂ ಅಷ್ಟೇ. ಆದರೆ ಹಿಡಿದ ಮೇಲೆ ಬಿಡುವುದಿಲ್ಲ. ಮುಂದಿನ ಚಕ್ರ ಎಷ್ಟು ಹಿಡಿದಿದೆ, ಇನ್ನೆಷ್ಟು ಉಳಿದಿದೆ ಎನ್ನುವುದು ಅಂಗೈಗೆ ತಿಳಿಯುತ್ತದೆ, ಜಾರುವ ಮೊದಲು ಹೇಳಿ ಜಾರುತ್ತದೆ. ಹಳೆಯದು ಹೇಳದೆ ಕೈ ಬಿಡುತ್ತಿತ್ತು.

ಮಳೆಯ ಪರೀಕ್ಷೆ ಮುಂದಿನ ವರ್ಷ ಜೂನ್‌ನಲ್ಲಿ ಆಯಿತು. ಶಿರಾಡಿಯ ಕಾಂಕ್ರೀಟ್ ರಸ್ತೆ, ಸುರಿಯುವ ಮಳೆ, ವೈಪರ್ ಸಾಲದಷ್ಟು. ನಿಂತ ನೀರಿಗೆ ಹೋದಾಗ ಸ್ಟೇರಿಂಗ್ ಹಗುರ ಆಗುವ ಆ ಭಯ ಬರಲಿಲ್ಲ. ನಾನು ಬೇಕೆಂದೇ ಖಾಲಿ ನೇರ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದ್ದು ನೋಡಿಕೊಂಡು, 60ರಿಂದ ಜೋರಾಗಿ ಬ್ರೇಕ್ ಒತ್ತಿ ನೋಡಿದೆ. ಎಬಿಎಸ್ ಸ್ವಲ್ಪವೇ ಕೆಲಸ ಮಾಡಿತು, ಕಾರು ನೇರವಾಗಿ ನಿಂತಿತು. ವಾಪಸ್ ಬರುವಾಗ ಚಾರ್ಮಾಡಿ ಹತ್ತಿದೆವು, ದಾರಿಯುದ್ದಕ್ಕೂ ಆ ಹಳದಿ ದೀಪ ಒಮ್ಮೆಯೂ ಮಿನುಗಲಿಲ್ಲ. ಈ ಟೈರಿನ ಹಿನ್ನೆಲೆ ಓದಿದಾಗ ನನಗೆ ಹಿಡಿಸಿದ್ದೂ ಇದೇ: ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ರೇಸಿಗೆ 2014ರಿಂದ ಮಿಶೆಲಿನ್ ಕೊಡುತ್ತಿದ್ದದ್ದು 18 ಇಂಚಿನ, ಗ್ರೂವ್ ಇರುವ, ಒಣ ರಸ್ತೆಗೂ ಮಳೆಗೂ ಒಂದೇ ಟೈರ್. ಆ ಅನುಭವ ಪೈಲಟ್ ಸ್ಪೋರ್ಟ್ 4ಕ್ಕೆ ಇಳಿದಿದೆ ಎಂದು ಕಂಪನಿ ಹೇಳುತ್ತದೆ. ನನ್ನ ಅನುಭವದಲ್ಲಿ ಅದು ಬರೀ ಜಾಹೀರಾತಲ್ಲ.

ರನ್‌ಫ್ಲಾಟ್ ಬಿಟ್ಟವರು ಪಂಕ್ಚರಿಗೆ ಸಿದ್ಧರಾಗಿರಲೇಬೇಕು. ಡಿಕ್ಕಿಯಲ್ಲಿ 12 ವೋಲ್ಟಿನ ಕಂಪ್ರೆಸರ್, ಸೀಲೆಂಟ್ ಬಾಟಲಿ, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಒಂದು ಟಾರ್ಚ್ ಇಟ್ಟಿದ್ದೇನೆ. ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದರೆ ಇದು ಸಾಕು. ಸೈಡ್‌ವಾಲ್ ಹರಿದರೆ ಇದ್ಯಾವುದೂ ಉಪಯೋಗವಿಲ್ಲ, ಫ್ಲಾಟ್‌ಬೆಡ್ ಲಾರಿಯೇ ಗತಿ, ಅದರ ನಂಬರ್ ಫೋನಿನಲ್ಲಿರಲಿ. ಕತ್ತಲಾದ ಮೇಲೆ ಒಬ್ಬರೇ ದೂರ ಓಡಿಸುವವರು, ಅಥವಾ ವಯಸ್ಸಾದ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೋಗುವವರು ರನ್‌ಫ್ಲಾಟನ್ನೇ ಹೊಸದಾಗಿ ಹಾಕಿಸಿದರೆ ನಾನು ಬೇಡ ಅನ್ನುವುದಿಲ್ಲ. ಹೊಸದು ಹಾಕಿಸಿ, ಅಷ್ಟೇ.

ಖರ್ಚು ಎಲ್ಲ ಸೇರಿ ಒಂದು ಲಕ್ಷದ ಹತ್ತಿರ ಬಂತು. ಆಗ ಟೈರಿಗೆ ಜಿಎಸ್‌ಟಿ 28 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ, ಈಗ ಕೊಳ್ಳುವವರಿಗೆ ಅಷ್ಟು ಉಳಿತಾಯ. ಕಡಿಮೆ ಹಣದಲ್ಲಿ ಬೇಕಾದರೆ ಹೆಸರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ತಾರೀಖಿನಲ್ಲಿ ಇಳಿಯಬೇಡಿ. ಹೋದ ವರ್ಷದ ದೊಡ್ಡ ಬ್ರ್ಯಾಂಡ್ ಡಿಸ್ಕೌಂಟಿನಲ್ಲಿ ಸಿಕ್ಕರೆ ಪರವಾಗಿಲ್ಲ, ನಾಲ್ಕು ವರ್ಷದ್ದು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ನಿಲ್ಲಿಸಿಟ್ಟ ಕಾರಿನ ಟೈರನ್ನು ನೋಡಿಕೊಳ್ಳುವುದೂ ಇದೆ. ಎರಡು ವಾರಕ್ಕೊಮ್ಮೆ ಬೆಳಗ್ಗೆ, ಕಾರು ಹೊರಡುವ ಮುಂಚೆ, ಟೈರ್ ತಣ್ಣಗಿದ್ದಾಗ ಗಾಳಿ ಚೆಕ್ ಮಾಡುತ್ತೇನೆ. ಬಾಗಿಲ ಕಂಬದ ಸ್ಟಿಕರ್‌ನಲ್ಲಿರುವ ಲೆಕ್ಕವೇ ನನ್ನ ಲೆಕ್ಕ. ಬಂಕಿಗೆ ಓಡಿಸಿಕೊಂಡು ಹೋಗಿ ನೋಡಿದರೆ ಬಿಸಿಗೆ ಮೂರು ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆ ಆಗಿರುತ್ತದೆ. ಮೂರು ವಾರ ಓಡಿಸದಿದ್ದರೆ ಕಾರನ್ನು ಅರ್ಧ ಸುತ್ತು ಹಿಂದೆ ಮುಂದೆ ಜರುಗಿಸುತ್ತೇನೆ, ಒಂದೇ ಜಾಗಕ್ಕೆ ಭಾರ ಬಿದ್ದು ಚಪ್ಪಟೆ ಆಗದಿರಲಿ ಎಂದು. ವಾಶಿಂಗ್ ಅಂಗಡಿಯಲ್ಲಿ ಟೈರಿಗೆ ಹಚ್ಚುವ ಎಣ್ಣೆಯ ಪಾಲಿಶ್ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಳೇ ನಾಲ್ಕು ಟೈರ್ ಏನಾಯಿತು ಎಂದು ಕೆಲವು ಸ್ನೇಹಿತರು ಕೇಳಿದರು. ಯಜಮಾನರು ಒಂದಕ್ಕೆ ಐನೂರರಂತೆ ಬಿಲ್ಲಿನಲ್ಲಿ ಕಳೆಯುತ್ತೇನೆ ಅಂದರು. 5 ಮಿಲಿಮೀಟರ್ ಗ್ರೂವ್ ಇರುವ ಟೈರ್, ತೊಳೆದು ಕಪ್ಪು ಬಣ್ಣ ಹಚ್ಚಿದರೆ ಮಾರುಕಟ್ಟೆಯಲ್ಲಿ ಯಾರಾದರೂ ಕೊಂಡೇ ಕೊಳ್ಳುತ್ತಾರೆ, ನನ್ನ ಹಾಗೆ ತಾರೀಖು ನೋಡದ ಯಾರೋ. "ಅಣ್ಣ, ಎರಡು ಸಾವಿರ ನನಗೆ ಬೇಡ, ಇವನ್ನು ಯಾರೂ ಹಾಕಿಕೊಳ್ಳದ ಹಾಗೆ ಮಾಡಿಬಿಡಿ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಹುಡುಗನಿಗೆ ಕಣ್ಸನ್ನೆ ಮಾಡಿದರು. ಹುಡುಗ ಚಾಕು ತಂದ. ಆ ಗಟ್ಟಿ ಗೋಡೆ ಚಾಕುವಿಗೆ ಬಗ್ಗಲಿಲ್ಲ. ಕೊನೆಗೆ ಡ್ರಿಲ್ ತಂದು ಒಂದೊಂದಕ್ಕೂ ಸೈಡ್‌ವಾಲಿನಲ್ಲಿ ಮೂರು ಮೂರು ತೂತು ಕೊರೆದು ಗುಜರಿಯ ರಾಶಿಗೆ ಎಸೆದ.